ಚೀನೀಯರು ತಮ್ಮ ನುಡಿಯ ಹಿಂದಣ ರೂಪವನ್ನು ಕಂಡುಕೊಂಡ ಬಗೆ

ಕ್ರಿ. ಶ. 744ರಲ್ಲಿ ಚೀನದೇಶವನ್ನಾಳುತ್ತಿದ್ದ ತಾಂಗ್ ವಂಶದ ಷ್ವಾನ್ ತ್ಸುಂಗ್ ಚಕ್ರವರ್ತಿಯು ಅಪೂರ್ವವಾದೊಂದು ಆಜ್ಞೆಯನ್ನು ಹೊರಡಿಸಿದನು. ಭಾರತೀಯರಿಗೆ ಶ್ರುತಿಯೆಂತೋ ಚೀನೀಯರಿಗೆ ಷು ಚಿಂಗ್ ಮೊದಲಾದ ಪುರಾತನಗ್ರಂಥಗಳಂತು. ಆ ಷು ಚಿಂಗಿನಲ್ಲಿ ರಾಜಧರ್ಮವನ್ನು ಹೇಳುವ ಒಂದು ಅಧ್ಯಾಯವಿದೆ. ಅರಸನು ಪಕ್ಷಪಾತವಿಲ್ಲದೆ, ಡೊಂಕಿಲ್ಲದೆ ನಡೆಯಬೇಕೆಂದು ವಿಧಿಸುವ ಕೆಲವು ಚಿಕ್ಕ ವಾಕ್ಯಗಳು ಅಲ್ಲಿ ಅಂತ್ಯಪ್ರಾಸದಿಂದ ಕೂಡಿಕೊಂಡಿವೆ. ಚಕ್ರವರ್ತಿಯು ಅವನ್ನು ಓದುವಾಗ ಒಂದು ಕಡೆ ಪ್ರಾಸವು ತಪ್ಪಿರುವಂತೆ ಅವನ ಕಿವಿಗೆ ತೋರಿತು. ಒಂದು ವಾಕ್ಯದ ಕಡೆಯ ಪದವು ಅಕಾರದಿಂದ ಮುಗಿಯುತ್ತಿದ್ದಿತು; ಅದಕ್ಕೆ ಜೋಡಿಯಾಗಬೇಕಾದ, ‘ಧರ್ಮ’ವೆಂಬ ಅರ್ಥದ ಪದದಲ್ಲಿ ಇಕಾರದ ಛಾಯೆ. ಅಕ್ಕಪಕ್ಕದ ವಾಕ್ಯಗಳಲ್ಲೆಲ್ಲ ಪ್ರಾಸವು ನೆಟ್ಟಗಿರಲು ಇಲ್ಲಿ ಮಾತ್ರ ತಪ್ಪಿದ್ದೇಕೆ? ಪ್ರತಿಮಾಡಿದ ಲೇಖಕನ ಕೈತಪ್ಪೇ ಸರಿಯೆಂದು ಬಗೆದು, ‘ಡೊಂಕು’ ಎಂಬ ಪದವನ್ನು ತೆಗೆದು ಅದೇ ಅರ್ಥವನ್ನು ಕೊಡುವ, ಇಕಾರದ ಛಾಯೆಯುಳ್ಳ ಬೇರೊಂದು ಪದವನ್ನು ಇಡತಕ್ಕದ್ದೆಂದು ಅಪ್ಪಣೆಮಾಡಿದನು. ಮುಂದೆ ಸುಂಗ್ ವಂಶದ ಕಾಲದಲ್ಲಿ ಹಳೆಯ ಪಾಠವನ್ನೇ ಮರಳಿ ಇಡಬೇಕೆಂದು ಆಜ್ಞೆಯಾಯಿತಾದರೂ ಅಚ್ಚಿನ ಪ್ರತಿಗಳಲ್ಲಿ ರಾಜನ ತಿದ್ದುಪಾಟೇ ನಿಂತುಹೋಯಿತು.

ಚಕ್ರವರ್ತಿಯ ಕಿವಿಯಲ್ಲಿ ದೋಷವಿರಲಿಲ್ಲ. ಎಂಟನೆಯ ಶತಮಾನದ ಮಾತಿನಲ್ಲಿ ಆ ಎರಡು ಪದಗಳು ಪ್ರಾಸಕ್ಕೆ ಕೂಡುತ್ತಲೇ ಇರಲಿಲ್ಲ. ತಪ್ಪು ಇದ್ದುದು ಕಿವಿಯ ಹಿಂದಿನ ನಂಬಿಕೆಯಲ್ಲಿ: ತಾನು ಆಡುವಂತೆಯೇ ಸಾವಿರದೈನೂರು ವರ್ಷಗಳ ಹಿಂದಿನ ಋಷಿಕಲ್ಪರೂ ಆಡುತ್ತಿದ್ದರೆಂಬ ನಂಬಿಕೆಯಲ್ಲಿ. ಹೆತ್ತ ತಾಯ ನುಡಿಯು ಕಾಲಕಾಲಕ್ಕೆ ಬೇರೆಯಾಗುತ್ತ ಬಂದಿರುವುದೆಂದು ಪರದೇಶಿಗೆ ತಿಳಿಸುವುದು ಸುಲಭ; ಆ ನುಡಿಯೊಳಗೇ ಹುಟ್ಟಿ ಬೆಳೆದವನಿಗೆ ತಿಳಿಸುವುದು ಕಷ್ಟ. ಚೀನೀಯರು ಈ ಕಷ್ಟವನ್ನು ತಾವೇ, ತಮ್ಮ ಗ್ರಂಥಗಳಿಂದಲೇ, ಬಹುಮಟ್ಟಿಗೆ ದಾಟಿದರು. ಅದರ ವೃತ್ತಾಂತವು ಶಿಕ್ಷೆ, ವ್ಯಾಕರಣಗಳಲ್ಲಿ ಅಭಿರುಚಿಯುಳ್ಳ ವಾಚಕರಿಗೆ ಮನೋಹರವಾದುದು.

ಕನ್ನಡಿಗನಿಗೆ ಈ ತೊಡಕು ಅಷ್ಟಾಗಿ ಇಲ್ಲ. ಪಾಲ್ ಎಂಬುದು ಹಾಲಾದುದನ್ನೂ ಪುಲಿಯು ಹುಲಿಯಾದುದನ್ನೂ ಶಾಸನಗಳೂ ಓಲೆಗಳೂ ಅಕ್ಷರಶಃ ಬರೆದು ತೋರಿಸುತ್ತವೆ. ಚೀನದ ಲಿಪಿಯಾದರೋ ಧ್ವನಿಗೆ ಕಟ್ಟುಬಿದ್ದುದಲ್ಲ; ಅದರ ಒಂದೊಂದು ಚಿಹ್ನೆಯೂ ಒಂದೊಂದು ಪದ. ಬಾಯಲ್ಲಿ ಪಕಾರವು ಫಕಾರವಾಗಲಿ, ಕಕಾರವು ಚಕಾರವಾಗಲಿ, ಕಾಗದದ ಮೇಲಿನ ಚಿಹ್ನೆಯು ಹಾಗೆಯೇ ನಿಂತಿರುತ್ತದೆ. ವೈದಿಕರು ಪದ, ಕ್ರಮ, ಜಟೆ, ಘನಗಳೆಂಬ ಪಾಠಗಳಿಂದ ಸ್ವರವೂ ಜಾರದಂತೆ ವೇದವನ್ನು ಬಾಯಲ್ಲಿ ಕಾಪಾಡಿದರು. ಚೀನೀಯರು ತಮ್ಮ ಶ್ರುತಿಯನ್ನು ಮಸಿಯಲ್ಲಿ ಕಾಪಾಡಿದರು. ಅರ್ಥವು ಉಳಿಯಿತು, ಧ್ವನಿಯು ಹೋಯಿತು. ಹೋದುದರ ಗುರುತೂ ಉಳಿಯಲಿಲ್ಲವಾದುದರಿಂದ ಹೋಗಿದೆಯೆಂಬುದೇ ಯಾರಿಗೂ ತೋರಲಿಲ್ಲ.

ಪದಚಿಹ್ನೆಗಳ ಶೋಧನೆಯು ಮಾತ್ರ ಅಲ್ಲಿ ಬಹು ಹಿಂದೆಯೇ ಮೊದಲಾಯಿತು. ಕ್ರಿ. ಶ. 100ರಲ್ಲಿ ಶು ಶೆನ್ ಎಂಬ ಪಂಡಿತನು 9353 ಚಿಹ್ನೆಗಳನ್ನು 540 ಮೂಲಾಂಗಗಳ ಕೆಳಗೆ ವಿಂಗಡಿಸಿ ಷುವೊ ವೆನ್ ಎಂಬ ಮಹಾಕೋಶವನ್ನು ಮುಗಿಸಿದನು. 121ರಲ್ಲಿ ಅವನ ಮಗನು ಅದನ್ನು ಅರಮನೆಗೆ ಒಪ್ಪಿಸಿದನು. ಅನೇಕ ಚಿಹ್ನೆಗಳಲ್ಲಿ ಒಂದು ಅಂಗವು ಅರ್ಥವನ್ನೂ ಮತ್ತೊಂದು ಧ್ವನಿಯನ್ನೂ ಸೂಚಿಸುವುದೆಂಬ ತತ್ತ್ವವನ್ನು ಅವನು ಸ್ಪಷ್ಟವಾಗಿ ಹೇಳಿರುವನು. ಈ ಧ್ವನಿಯಂಗವೇ ಮುಂದೆ ಬೀಗದ ಕೈಯಾಗಲಿದ್ದುದನ್ನು ಅವನು ಕಾಣದೆ ಹೋದನು.

ಉಚ್ಚಾರಣೆಯ ಶಾಸ್ತ್ರವು ಅವರಲ್ಲಿ ಬೆಳೆದುದು ಬೌದ್ಧಧರ್ಮವು ಅಲ್ಲಿ ಹರಡಿದ ಶತಮಾನಗಳಲ್ಲಿ. ಒಂದು ಪದದ ಧ್ವನಿಯನ್ನು ಎರಡು ಪದಗಳಿಂದ ತೋರಿಸುವ ಕ್ರಮವೊಂದು ಎರಡು ಮೂರನೆಯ ಶತಮಾನಗಳಲ್ಲಿ ಬಳಕೆಗೆ ಬಂದಿತು: ‘ತೆ’ ಎಂಬುದರ ಆದಿವ್ಯಂಜನ, ‘ಹುಂಗ್’ ಎಂಬುದರ ಉಳಿದ ಭಾಗ, ಎರಡೂ ಸೇರಿ ‘ತುಂಗ್’. ತಮ್ಮ ಮಾತಿನ ಸ್ವರಭೇದಗಳು ನಾಲ್ಕೆಂದು ಐದನೆಯ ಶತಮಾನದ ಕಡೆಯಲ್ಲಿ ಚೌ ಯುಂಗ್, ಶೆನ್ ಯುವೆ ಮೊದಲಾದವರು ಕಂಡರು. ಇದು ಅವರಿಗೆ ಎಷ್ಟು ಹೊಸದಾಗಿದ್ದಿತೆಂಬುದಕ್ಕೆ ಒಂದು ಪ್ರಸಂಗವನ್ನು ಇತಿಹಾಸಕಾರರು ಬರೆದಿಟ್ಟಿದ್ದಾರೆ. ಲಿಯಾಂಗ್ ವಂಶದ ವು ಚಕ್ರವರ್ತಿಯು ಈ ನಾಲ್ಕು ಸ್ವರಗಳೆಂದರೇನೆಂದು ಚೌ ಯುಂಗನ ಮಗನನ್ನು ಕೇಳಲು, ಅವನು ‘ದೇವಪುತ್ರನು ಪ್ರಾಜ್ಞನೂ ವಿವೇಕಿಯೂ ಹೌದು’ ಎಂದರ್ಥವಾಗುವ ನಾಲ್ಕೇ ಪದಗಳನ್ನು ನುಡಿದನಂತೆ. ಆ ನಾಲ್ಕರಲ್ಲಿ ಒಂದೊಂದೂ ಒಂದೊಂದು ಸ್ವರದ್ದು. ಉದಾಹರಣೆಯೂ ಆಯಿತು, ಸ್ತುತಿಯೂ ಆಯಿತು. ಚಕ್ರವರ್ತಿಯು ಸ್ತುತಿಯನ್ನು ಸ್ವೀಕರಿಸಿದನೋ ಏನೋ, ನಾಲ್ಕು ಸ್ವರಗಳ ನಿಯಮವನ್ನು ಮಾತ್ರ ತನ್ನ ಪದ್ಯಗಳಲ್ಲಿ ಅನುಸರಿಸಲಿಲ್ಲ. ಹುಟ್ಟಿದಾರಭ್ಯ ಆ ಸ್ವರಗಳನ್ನು ತಪ್ಪದೆ ಉಚ್ಚರಿಸುತ್ತಿದ್ದವನಿಗೇ ಅವು ಇರುವುದು ತಿಳಿಯದಿದ್ದುದು ಗಮನಿಸತಕ್ಕ ವಿಷಯ. 1934ರಲ್ಲಿ ಚೆನ್ ಯಿನ್ ಕೋ ಎಂಬ ಇತಿಹಾಸಪಂಡಿತರು ಉದಾತ್ತ, ಅನುದಾತ್ತ, ಸ್ವರಿತಗಳ ಅನುಕರಣದಿಂದಲೇ ಈ ವಿಭಾಗವು ಹುಟ್ಟಿತೆಂದು ವಾದಿಸಿದರು. ಬೌದ್ಧಭಿಕ್ಷುಗಳಿಗೆ ವೇದಸ್ವರದಿಂದ ಸೂತ್ರಪಠನವು ನಿಷಿದ್ಧವಾಗಿದ್ದುದರಿಂದ ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಒಪ್ಪದಿರುವುದೇ ಯುಕ್ತವೆಂದು ತೋರುವುದು.

ವರ್ಗಮಾಲೆಯ ಋಣವಾದರೋ ಸಂದೇಹಕ್ಕೆಡೆಯಿಲ್ಲದ್ದು. ತಾಂಗ್ ವಂಶದ ಕೊನೆಗಾಲದ ಷೌ ವೆನ್ ಎಂಬ ಭಿಕ್ಷುವಿನ ಹೆಸರಿನಲ್ಲಿ, ಚೀನೀಭಾಷೆಯ ಆದಿವ್ಯಂಜನಗಳಿಗೆ ಒಂದೊಂದು ಪದವನ್ನು ಸಂಕೇತವಾಗಿಟ್ಟ ಪಟ್ಟಿಯೊಂದು ಪ್ರಸಿದ್ಧವಾಗಿದೆ. ತುನ್ ಹುವಾಂಗಿನ ಗುಹೆಯಲ್ಲಿ ದೊರೆತ ಅವನ ಗ್ರಂಥದ ತುಣುಕಿನಲ್ಲಿ 30 ಸಂಕೇತಗಳಿವೆ. ಮುಂದೆ ಅವು 36 ಆದುವು. ತುಟಿ, ನಾಲಗೆ, ಹಲ್ಲು, ದವಡೆ, ಗಂಟಲು ಎಂಬ ಸ್ಥಾನಗಳಿಂದ ಅವನ್ನು ವಿಂಗಡಿಸಿ, ಒಂದೊಂದು ಸ್ಥಾನದಲ್ಲಿಯೂ ‘ತಿಳಿ’, ‘ಕದಡು’ ಎಂದು ಅಘೋಷ ಘೋಷಗಳನ್ನು ಬೇರ್ಪಡಿಸಿರುವರು. ಒಂದು ಗುಂಪು ಕ, ಖ, ಗ, ಙ; ಮತ್ತೊಂದು ತ, ಥ, ದ, ನ; ಇನ್ನೊಂದು ಪ, ಫ, ಬ, ಮ. ಓಜಯ್ಯನ ಮಠದಲ್ಲಿ ಮರಳ ಮೇಲೆ ಬೆರಳಾಡಿಸಿದ ಮಗುವಿಗೂ ಇದರ ಗುರುತು ಸಿಕ್ಕುವುದು.

ಈ ಶಾಸ್ತ್ರದ ಕೀರ್ತಿಸ್ತಂಭವೆನಿಸಿದ ಗ್ರಂಥವು ಇದಕ್ಕಿಂತ ಮೊದಲೇ ಹುಟ್ಟಿದ್ದಿತು. ಲು ಫಾ ಯೆನ್ ಎಂಬ ಯುವಕನ ಮನೆಗೆ ಎಂಟು ಮಂದಿ ವಿದ್ವಾಂಸರು ಬಂದು, ರಾತ್ರಿ ಪಾನಗೋಷ್ಠಿಯಾದ ಮೇಲೆ, ಉತ್ತರದವರ ಉಚ್ಚಾರಣೆಯೂ ದಕ್ಷಿಣದವರ ಉಚ್ಚಾರಣೆಯೂ ಹೇಗೆ ಬೇರೆಬೇರೆಯೆಂದು ಚರ್ಚಿಸಿದರು. ದೇಶವು ಮುನ್ನೂರು ವರ್ಷಗಳಿಗೆ ಸಮೀಪವಾಗಿ ಇಬ್ಭಾಗವಾಗಿದ್ದ ಕಾಲವದು. ಲು ಫಾ ಯೆನ್ ದೀಪದ ಬೆಳಕಿನಲ್ಲಿ ಅವರ ನಿರ್ಣಯಗಳನ್ನು ಬರೆದುಕೊಂಡನು. ಇಪ್ಪತ್ತು ವರ್ಷಗಳ ಅನಂತರ 601ರಲ್ಲಿ ಅದನ್ನೇ ಬೆಳೆಯಿಸಿ ಚ್ಯೆ ಯುನ್ ಎಂಬ ಪ್ರಾಸಕೋಶವನ್ನು ಹೊರತಂದನು. 193 ಪ್ರಾಸವರ್ಗಗಳ ಈ ಕೋಶದ ಮೂಲವು ಕಾಲಕ್ರಮದಲ್ಲಿ ಕಳೆದುಹೋಗಿ, 1008ರಲ್ಲಿ ವಿಸ್ತರಿಸಲ್ಪಟ್ಟ 206 ವರ್ಗಗಳ ಕೋಶವೇ ಪಂಡಿತರ ಕೈಯಲ್ಲಿ ಉಳಿಯಿತು. 1947ರಲ್ಲಿ ಪೀಕಿಂಗಿನಲ್ಲಿ ಚ್ಯೆ ಯುನ್‌ನ 706ರ ಪರಿಷ್ಕರಣದ ಹಸ್ತಪ್ರತಿಯೊಂದು ಹೆಚ್ಚುಕಡಮೆ ಸಮಗ್ರವಾಗಿ ದೊರೆತು ಪ್ರಕಟವಾದಾಗ, ಕೇವಲ 1008ರ ಕೋಶದಿಂದ ಊಹಿಸಿದ್ದ ಅನೇಕ ವಿಷಯಗಳು ನಿಜವೆಂದು ಸಿದ್ಧವಾದುವು.

ಹೀಗೆ ತಮ್ಮ ಕಾಲದ ಧ್ವನಿಗಳನ್ನು ಇಷ್ಟು ಸೂಕ್ಷ್ಮವಾಗಿ ಅಳೆದ ಜನರು ಹಿಂದಿನ ಕಾಲದ ಧ್ವನಿಯ ವಿಷಯದಲ್ಲಿ ಮಾತ್ರ ಕುರುಡರಾಗಿದ್ದರು. ಷಿ ಚಿಂಗ್ ಎಂಬ 305 ಗೀತಗಳ ಸಂಗ್ರಹವು ಕ್ರಿಸ್ತನಿಗಿಂತ ಬಹು ಶತಮಾನಗಳ ಹಿಂದಿನದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಬಾಯಿಪಾಠ ಮಾಡಬೇಕಾದುದು. ಅದರ ಪ್ರಾಸಗಳು ಅಲ್ಲಲ್ಲಿ ಕೂಡುವುದಿಲ್ಲವೆಂಬುದು ಎಲ್ಲರಿಗೂ ಕೇಳಿಸುತ್ತಿದ್ದಿತು. ಇದಕ್ಕೆ ವ್ಯಾಖ್ಯಾನಕಾರರು ಕಂಡುಕೊಂಡ ಉಪಾಯವು ‘ಹೊಂದಿಸಿ ಓದುವುದು’: ಪ್ರಾಸವೆಲ್ಲಿ ತಪ್ಪುವುದೋ ಅಲ್ಲಿ ಆ ಪದವನ್ನು ಆ ಗೀತದ ಮಟ್ಟಿಗೆ ಬೇರೆ ರೀತಿಯಲ್ಲಿ ಉಚ್ಚರಿಸುವುದು. ಹನ್ನೆರಡನೆಯ ಶತಮಾನದ ಮಹಾದಾರ್ಶನಿಕನಾದ ಚು ಶಿಯು ತನ್ನ ವ್ಯಾಖ್ಯಾನದಲ್ಲಿ ಇದನ್ನು ಧಾರಾಳವಾಗಿ ಬಳಸಿದನು. ‘ಮನೆ’ ಎಂಬರ್ಥದ ಪದವನ್ನು ಒಂದೇ ಗೀತದ ಒಂದು ನುಡಿಯಲ್ಲಿ ‘ಕು’ ಎಂದೂ ಅದರ ಮುಂದಿನ ನುಡಿಯಲ್ಲಿಯೇ ‘ಕುಂಗ್’ ಎಂದೂ ಓದಬೇಕೆಂದನು. ಅವನ ವ್ಯಾಖ್ಯಾನವು ರಾಜಪರೀಕ್ಷೆಗಳಿಗೆ ಪ್ರಮಾಣವಾದುದರಿಂದ ಶತಮಾನಗಳವರೆಗೆ ಚೀನದ ಹುಡುಗರು ಅದನ್ನೇ ಉರುಹಾಕಿದರು. ಛಂದಸ್ಸಿಗಾಗಿ ವೇದಮಂತ್ರದ ಉಚ್ಚಾರಣೆಯನ್ನು ಮನಬಂದಂತೆ ತಿರುಗಿಸಬಹುದೆಂದು ಇಲ್ಲಿಯ ಘನಪಾಠಿಯೊಬ್ಬನ ಮುಂದೆ ಹೇಳಿದರೆ ಏನಾಗುವುದೋ ಊಹಿಸಿಕೊಳ್ಳಬಹುದು.

ಈ ಮಂಕನ್ನು ಕಳೆದವನು ಪಾಠಶಾಲೆಯ ಪಂಡಿತನಲ್ಲ, ಒಬ್ಬ ಸೇನಾಧಿಕಾರಿ. ಚೆನ್ ತಿ (1541–1617) ಎಂಬ ಇವನು ಆಗ್ನೇಯ ಸಮುದ್ರತೀರದ ಫೂಕಿಯೆನ್ ಪ್ರಾಂತದವನು. ಉತ್ತರದ ಗಡಿಯಲ್ಲಿ, ಮಹಾಗೋಡೆಯ ಬಳಿ, ಬಹುಕಾಲ ದಂಡಿನಲ್ಲಿದ್ದು ನಿವೃತ್ತನಾದ ಮೇಲೆ ದೇಶಸಂಚಾರಕ್ಕೆ ಹೊರಟವನು. ತೈವಾನ್ ದ್ವೀಪಕ್ಕೂ ಹೋಗಿಬಂದು ಅಲ್ಲಿಯ ಮೂಲನಿವಾಸಿಗಳ ನಡೆನುಡಿಗಳನ್ನು 1603ರಲ್ಲಿ ಬರೆದಿಟ್ಟನು. ಬಾಲ್ಯದಲ್ಲಿ ಇವನಿಗೆ ಷಿ ಚಿಂಗನ್ನು ಹೇಳಿಕೊಟ್ಟವನು ತಂದೆ. ಹೊಂದಿಸಿ ಓದುವ ಮಾತನ್ನು ತಾನು ಎಂದಿಗೂ ನಂಬಲಾರೆನೆಂದೂ, ಈಚಿನ ಕವಿಗಳೇ ವಿರಳವಾಗಿ ಮಾಡುವುದನ್ನು ಪ್ರಾಚೀನರು ಮುನ್ನೂರು ಗೀತಗಳಲ್ಲಿಯೂ ಮಾಡಿದರೆನ್ನುವುದು ಅನ್ಯಾಯವೆಂದೂ ಆ ತಂದೆಯು ಹೇಳುತ್ತಿದ್ದನು. ಸಂದೇಹವು ತಂದೆಯದು, ಪರಿಹಾರವು ಮಗನದು. ಊರೂರಿಗೂ ಮಾತು ಬೇರೆಯಾಗುವುದನ್ನು ಕಿವಿಯಾರೆ ಕೇಳಿದ್ದ ಈ ಸಂಚಾರಿಗೆ ಕಾಲಕಾಲಕ್ಕೂ ಅದು ಬೇರೆಯಾಗಿರಬಹುದೆಂದು ಹೊಳೆದುದು ಸಹಜವೆಂದು ಊಹಿಸಲವಕಾಶವಿದೆ.

ಅವನ ವಾದಸರಣಿಯು ನೈಯಾಯಿಕರೂ ಮೆಚ್ಚತಕ್ಕಂತಹುದು. ‘ತಾಯಿ’ ಎಂಬರ್ಥದ ‘ಮು’ ಎಂಬ ಪದವು ಷಿ ಚಿಂಗಿನಲ್ಲಿ ಎಲ್ಲೆಲ್ಲಿ ಪ್ರಾಸಸ್ಥಾನಕ್ಕೆ ಬಂದರೂ ‘ಮಿ’ ಎಂಬಂತೆಯೇ ಕೂಡುತ್ತದೆ. ‘ಕುದುರೆ’ ಎಂಬರ್ಥದ ‘ಮಾ’ ಎಂಬುದು ಎಲ್ಲೆಡೆಯಲ್ಲಿಯೂ ‘ಮು’ ಎಂಬಂತೆ ಕೂಡುತ್ತದೆ. ಅರಮನೆಯ ಸ್ತೋತ್ರಗಳಲ್ಲಿಯೂ ಹೊಲಗೇರಿಯ ಹಾಡುಗಳಲ್ಲಿಯೂ, ಬೇರೆಬೇರೆ ಸೀಮೆಗಳ ಗೀತಗಳಲ್ಲಿಯೂ ಇದು ಹೀಗೆಯೇ. ಕವಿಗಳು ಮನಸ್ಸಿಗೆ ಬಂದಂತೆ ಹೊಂದಿಸಿಕೊಂಡಿದ್ದರೆ ಎಲ್ಲರೂ ಒಂದೇ ರೀತಿಯಾಗಿ ಹೊಂದಿಸಿಕೊಳ್ಳುವುದೆಂತು? ಆದುದರಿಂದ ಅದು ಹೊಂದಿಕೆಯಲ್ಲ. ಅದೇ ಆಗಿನ ಉಚ್ಚಾರಣೆ. ಷಿ ಚಿಂಗಿನ ಒಳಗಿನಿಂದ ತೆಗೆದುದನ್ನು ಮೂಲಸಾಕ್ಷ್ಯವೆಂದೂ, ಸಮಕಾಲೀನವಾದ ಇತರ ಗ್ರಂಥಗಳಿಂದ ತೆಗೆದುದನ್ನು ಪಾರ್ಶ್ವಸಾಕ್ಷ್ಯವೆಂದೂ ಬೇರ್ಪಡಿಸಿ, ಪದಪದಕ್ಕೂ ಎರಡನ್ನೂ ಒದಗಿಸಿ 1606ರಲ್ಲಿ ತನ್ನ ಗ್ರಂಥವನ್ನು ಸಿದ್ಧಪಡಿಸಿದನು. ಇವನ ಮಿತ್ರನೂ ನಾನ್‌ಕಿಂಗಿನ ಮಹಾವಿದ್ವಾಂಸನೂ ಆದ ಚ್ಯಾವೊ ಹುಂಗನು ಅದಕ್ಕೆ ಮುನ್ನುಡಿಯನ್ನು ಬರೆದನು. ಹೊಂದಿಸಿ ಓದುವುದೇ ಸರಿಯಾದರೆ ಮೂಡಣವನ್ನು ಪಡುವಣವೆಂದೂ ಓದಬಹುದಲ್ಲಾ ಎಂದು ಮೊದಲೇ ನಗೆಯಾಡಿದ್ದವನು ಈ ಚ್ಯಾವೊ ಹುಂಗನೇ.

ಚೆನ್ ತಿಯು ಬಿಡಿಬಿಡಿಯಾಗಿ ಕಂಡುದನ್ನು ಶಾಸ್ತ್ರವಾಗಿ ಕಟ್ಟಿದವನು ಕು ಯೆನ್ ವು (1613–1682). 1645ರಲ್ಲಿ ಮಂಚೂ ಸೇನೆಯು ಅವನ ಸೀಮೆಯನ್ನು ಗೆದ್ದಾಗ ಅವನ ಸಾಕುತಾಯಿಯು, ಎರಡನೆಯ ವಂಶವನ್ನು ಸೇವಿಸಬೇಡವೆಂದು ಮಗನಿಗೆ ಹೇಳಿ ನಿರಶನದಿಂದ ಪ್ರಾಣಬಿಟ್ಟಳು. ಆಮೇಲೆ ಅವನು ಯಾವ ಪದವಿಯನ್ನೂ ಸ್ವೀಕರಿಸಲಿಲ್ಲ. ಕುದುರೆ, ಹೇಸರಗತ್ತೆಗಳ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಉತ್ತರದೇಶದಲ್ಲೆಲ್ಲ ತಿರುಗಿದನು. ಧ್ವನಿಶಾಸ್ತ್ರದ ಅವನ ಐದು ಗ್ರಂಥಗಳು ಮೂವತ್ತಕ್ಕೂ ಹೆಚ್ಚು ವರ್ಷಗಳ ಶ್ರಮದ ಫಲ; ಐದು ಬಾರಿ ತಿದ್ದಿ ಬರೆದವು. ಧ್ವನಿಯನ್ನು ಅರಿಯದೆ ಪಾಠವನ್ನು ಶೋಧಿಸಲಾಗದು, ಪಾಠವನ್ನು ಶೋಧಿಸದೆ ಶ್ರುತಿಯನ್ನು ಅರಿಯಲಾಗದು ಎಂಬುದು ಅವನ ಮತ. ನಾಡು ಪರರ ಪಾಲಾದಾಗ ಪೂರ್ವಿಕರ ಮಾತಾದರೂ ತಮ್ಮದಾಗಿ ಉಳಿಯಲೆಂಬ ತವಕವು ಈ ಶ್ರಮದ ಹಿಂದೆ ಇದ್ದಿತೆಂದರೆ ತಪ್ಪಾಗಲಾರದು. ತಾಂಗ್ ಚಕ್ರವರ್ತಿಯ ತಿದ್ದುಪಾಟನ್ನು ಬಯಲಿಗೆಳೆದವನು ಇವನೇ. ‘ಧರ್ಮ’ವೆಂಬರ್ಥದ ಆ ಪದಚಿಹ್ನೆಯ ಮೇಲ್ಭಾಗದಲ್ಲಿ ಕುರಿಯ ಚಿಹ್ನೆಯೂ ಕೆಳಭಾಗದಲ್ಲಿ ‘ಙ’ ಎಂದು ಉಚ್ಚರಿಸಲ್ಪಡುತ್ತಿದ್ದ, ‘ಅಹಂ’ ಎಂಬರ್ಥದ ಚಿಹ್ನೆಯೂ ಇವೆ, ಕೆಳಗಿನದೇ ಧ್ವನಿಯಂಗ. ಪ್ರಾಚೀನರು ಆ ಪದವನ್ನು ಅಕಾರದಿಂದಲೇ ನುಡಿಯುತ್ತಿದ್ದರು; ಪ್ರಾಸವು ತಪ್ಪಿರಲೇ ಇಲ್ಲ. ಸಾಕ್ಷಿಯು ಆ ಅಕ್ಷರದ ಹೊಟ್ಟೆಯಲ್ಲಿಯೇ ಇದ್ದಿತು.

ಆದರೂ ಕು ಯೆನ್ ವುವಿಗೆ ಧ್ವನಿಯ ಬದಲಾವಣೆಯೆಂಬುದು ಕ್ಷಯವಾಗಿಯೇ ತೋರಿತು. ಮುಂದೆ ಸತ್ಪುರುಷನೊಬ್ಬನು ಹುಟ್ಟಿ ಜನರ ಮಾತನ್ನು ಪುರಾತನ ಶುದ್ಧಿಗೆ ಮರಳಿಸಲೆಂದು ಅವನು ಹಾರೈಸಿದನು. ಅವನ ಮಿತ್ರನಾದ ಫು ಷಾನನ ವಿಷಯವಾಗಿ ಒಂದು ಕಥೆಯುಂಟು. ಅತಿಥಿಯಾಗಿದ್ದ ಕು ಯೆನ್ ವು ಬೆಳಕು ಹರಿದರೂ ಮಲಗಿರಲು ಫು ಷಾನನು ಬಾಗಿಲು ಬಡಿದು ‘ತಿಂಗ್ ಮಾಂಗ್!’ ಎಂದು ಕೂಗಿದನು. ಅತಿಥಿಗೆ ಅರ್ಥವಾಗಲಿಲ್ಲ. ‘ಬೆಳಗಾಯಿತು’ ಎಂಬುದಕ್ಕೆ ಆಗಿನ ಜನರು ‘ತಿಯೆನ್ ಮಿಂಗ್’ ಎನ್ನುತ್ತಿದ್ದರು. ಆ ಎರಡು ಪದಗಳಿಗೆ ಕು ಯೆನ್ ವು ತಾನೇ ನಿರ್ಣಯಿಸಿದ್ದ ಪ್ರಾಚೀನ ಉಚ್ಚಾರಣೆಯಿಂದ ಮಿತ್ರನು ಅವನನ್ನು ಎಬ್ಬಿಸಿದ್ದನು! ಪ್ರಾಚೀನಭಾಷೆಯನ್ನು ಮರಳಿ ಬಾಯಿಗೆ ತರಬೇಕೆಂಬವರಿಗೆ ಇದಕ್ಕಿಂತ ಮೃದುವಾದ ಖಂಡನೆಯು ದೊರೆಯದು.

ಇಲ್ಲಿಂದ ಮುಂದೆ ಈ ವಿದ್ಯೆಯು ಗುರುಶಿಷ್ಯಪರಂಪರೆಯಾಗಿ ಹರಿಯಿತು. ಚ್ಯೆನ್ ತಾ ಶಿನ್ (1728–1804) ಎಂಬವನು ಪ್ರಾಸವನ್ನು ಬಿಟ್ಟು ಆದಿವ್ಯಂಜನಗಳ ಕಡೆಗೆ ದೃಷ್ಟಿಯಿಟ್ಟು, ಹಲ್ಲನ್ನು ತುಟಿಗೆ ತಾಗಿಸಿ ಊದುವ ವ್ಯಂಜನವು ಪೂರ್ವದಲ್ಲಿ ಇರಲಿಲ್ಲವೆಂದೂ ಅವೆಲ್ಲ ಪವರ್ಗದವೆಂದೂ ಸಾಧಿಸಿದನು. ಫು ಶಿ ಎಂಬ ಪುರಾಣಪುರುಷನ ಹೆಸರನ್ನು ಹಳೆಯ ಗ್ರಂಥಗಳು ಪಾವೊ ಶಿ ಎಂದೂ ಬರೆಯುತ್ತವೆ. ಬುದ್ಧನ ಹೆಸರಿಗೆ ಚೀನೀಯರು ಬಳಸುವ ಚಿಹ್ನೆಯನ್ನು ಈಗ ಪೀಕಿಂಗಿನಲ್ಲಿ ‘ಫೊ’ ಎನ್ನುವರು. ಹೆಸರು ಹೀಗೇಕಾಯಿತೆಂದು ಅನೇಕರು ಬೆರಗಾಗಿದ್ದುಂಟು. ಅದು ಮೊದಲು ‘ಬುತ್’ ಎಂಬಂತೆ ಇದ್ದಿತು. ಅದನ್ನು ಆ ಕಾಲದಲ್ಲಿಯೇ ಎರವಲು ಪಡೆದ ಜಪಾನೀಯರು ಇಂದಿಗೂ ‘ಬುತ್ಸು’ ಎನ್ನುತ್ತಾರೆ.

ತುವಾನ್ ಯು ತ್ಸಾಯ್ (1735–1815) ಈ ಪರಂಪರೆಯ ಶಿಖರ. ಶು ಶೆನ್ನನ ಮಹಾಕೋಶಕ್ಕೆ ಇವನು ಬರೆದ ಭಾಷ್ಯವು ಇಂದಿಗೂ ಮೀರಲಾಗದುದು. ಒಂದೇ ಧ್ವನಿಯಂಗವುಳ್ಳ ಚಿಹ್ನೆಗಳೆಲ್ಲ ಪ್ರಾಚೀನಕಾಲದಲ್ಲಿ ಒಂದೇ ಪ್ರಾಸವರ್ಗಕ್ಕೆ ಸೇರಿರಬೇಕೆಂಬ ಸೂತ್ರವನ್ನು ಇವನು ಸ್ಥಾಪಿಸಿದನು. ಕು ಯೆನ್ ವು ಹತ್ತು ಮಾಡಿದ್ದ ವರ್ಗಗಳು ಇವನಲ್ಲಿ ಹದಿನೇಳಾದುವು. ಇವನಿಗೆ ವಿಶೇಷಕೀರ್ತಿಯನ್ನು ತಂದುದು ಮೂರು ವರ್ಗಗಳ ವಿವೇಚನೆ. ಆ ವರ್ಗಗಳ ಹೆಸರುಗಳು ಮೂರು ಬೇರೆ ಚಿಹ್ನೆಗಳು. ಆದರೆ ಮೂರನ್ನೂ ಇಂದು ‘ಚಿಹ್’ ಎಂದೇ ಉಚ್ಚರಿಸುವರು. ತಾಂಗ್ ಕಾಲದಿಂದಲೂ ಕವಿಗಳು ಮೂರನ್ನೂ ಒಂದಾಗಿಯೇ ಬಳಸಲು ಅನುಜ್ಞೆಯಿದ್ದಿತು. ತುವಾನನು ಷಿ ಚಿಂಗನ್ನು ಜಾಲಾಡಿ, ಅಲ್ಲಿ ಮೂರೂ ತಪ್ಪದೆ ಬೇರೆಬೇರೆಯಾಗಿಯೇ ಪ್ರಾಸಕ್ಕೆ ಬರುವುವೆಂದು ತೋರಿಸಿದನು. ಬಾಯಲ್ಲಿ ಒಂದಾಗಿಹೋದ ಳಕಾರ ೞಕಾರಗಳನ್ನು ಹಳಗನ್ನಡಕಾವ್ಯದ ಪ್ರಾಸದಿಂದ ಬೇರ್ಪಡಿಸುವುದನ್ನು ಕಂಡವರಿಗೆ ಈ ಯುಕ್ತಿಯು ತಿಳಿಯುವುದು. ಆದರೆ ಕನ್ನಡದಲ್ಲಿ ೞಕಾರದ ಪದಗಳಿಗೆ ಕೇಶಿರಾಜನು ಪಟ್ಟಿಯನ್ನಾದರೂ ಬರೆದಿಟ್ಟನು.

ಮೂರೂ ಬೇರೆಯೆಂದು ಸಿದ್ಧವಾಯಿತು. ಬೇರೆಯಾಗಿದ್ದಾಗ ಅವು ಹೇಗೆ ಕೇಳಿಸುತ್ತಿದ್ದುವು? ಇದು ಮಾತ್ರ ತುವಾನನಿಗೆ ತಿಳಿಯಲಿಲ್ಲ. 1812ರಲ್ಲಿ, ತನ್ನ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಅವನು ಚಿಯಾಂಗ್ ಯು ಕಾವೊ ಎಂಬ ಕಿರಿಯ ವಿದ್ವಾಂಸನಿಗೆ ಪತ್ರವನ್ನು ಬರೆದು, ಈ ಮೂರು ಮೊದಲು ಬೇರೆಯಾದುದಕ್ಕೆ ಮೂಲವೇನೆಂದು ನಿನಗೆ ನಿಶ್ಚಯವಾಗಿ ತಿಳಿದಿರುವುದೇ ಎಂದು ಕೇಳಿದನು. ತಾನು ಮುದುಕನಾದೆನೆಂದೂ, ಅದನ್ನು ಕೇಳಿ ಸಾಯುವಂತಾದರೆ ಮಹಾಭಾಗ್ಯವೆಂದೂ ಆ ಪತ್ರದಲ್ಲಿ ಬರೆದಿರುವನು. ಅರ್ಧಶತಮಾನಕ್ಕೂ ಮಿಕ್ಕು ಶಾಸ್ತ್ರವನ್ನು ನಡೆಸಿದ ಹಿರಿಯನು ತನ್ನ ಮಗನ ವಯಸ್ಸಿನವನ ಮುಂದೆ ಹೀಗೆ ಕೈಯೊಡ್ಡಿದುದು ವಿದ್ಯಾಚರಿತ್ರೆಯಲ್ಲಿ ವಿರಳ. ಚಿಯಾಂಗನಲ್ಲಿಯೂ ಉತ್ತರವಿರಲಿಲ್ಲ. ಮೂರು ವರ್ಷಗಳ ಮೇಲೆ ತುವಾನನು ತೀರಿಕೊಂಡನು.

ಉತ್ತರವು ಗ್ರಂಥಗಳೊಳಗೆ ಮಾತ್ರ ಇದ್ದುದಲ್ಲ. ಪ್ರಾಸವು ಯಾವ ಪದವು ಯಾವುದರೊಡನೆ ಕೂಡುವುದೆಂದು ಹೇಳಬಲ್ಲುದೇ ಹೊರತು ಧ್ವನಿಯನ್ನೇ ಹೇಳಲಾರದು. ಅದಕ್ಕೆ ಬಾಯಿಗಳೂ ಬೇಕು. ದಕ್ಷಿಣದ ಕ್ಯಾಂಟನಿನವನಾದ ಚೆನ್ ಲಿ (1810–1882) ಇದರ ಸುಳಿವನ್ನು ಕಂಡಿದ್ದನು. ಪೀಕಿಂಗಿನವರು ನುಂಗಿಬಿಟ್ಟ ಪದಾಂತದ ಪ್, ತ್, ಕ್‌ಗಳೂ ಮಕಾರವೂ ತನ್ನ ಊರಿನ ಮಾತಿನಲ್ಲಿ ಇನ್ನೂ ಇವೆಯೆಂದೂ, ಹಳೆಯ ಪ್ರಾಸಕೋಶಕ್ಕೆ ತನ್ನವರ ಮಾತೇ ಸಮೀಪವೆಂದೂ ಅವನು ಅಭಿಮಾನದಿಂದ ಬರೆದನು. ಅಭಿಮಾನವಿದ್ದರೂ ಮಾತು ನಿಜ.

ಇಷ್ಟರಲ್ಲಿ ವಾಕ್ಯರಚನೆಯ ವಿಚಾರವೂ ತಲೆದೋರಿತು. ವಿಭಕ್ತಿಯಿಲ್ಲದ, ಲಿಂಗವಚನಕಾಲಗಳ ಪ್ರತ್ಯಯಗಳಿಲ್ಲದ ಭಾಷೆಗೆ ವ್ಯಾಕರಣವೇತಕ್ಕೆಂಬುದು ಪೂರ್ವಿಕರ ಭಾವನೆ. ‘ತುಂಬಿದ ಪದ’, ‘ಬರಿದಾದ ಪದ’ ಎಂದು ವಿಂಗಡಿಸಿ, ನಿಪಾತಗಳಂತಹ ಬರಿಪದಗಳಿಗೆ ಮಾತ್ರ ಅವರು ಕೋಶಗಳನ್ನು ರಚಿಸಿದ್ದರು. ಮಾ ಚಿಯೆನ್ ಚುಂಗ್ (1845–1900) ಎಂಬವರು ಕ್ರೈಸ್ತಪಾದ್ರಿಗಳ ಶಾಲೆಯಲ್ಲಿ ಲತೀನ್ ಕಲಿತು ಪ್ಯಾರಿಸಿನಲ್ಲಿ ವ್ಯಾಸಂಗ ಮಾಡಿದವರು. 1881ರಲ್ಲಿ ಅಫೀಮಿನ ವ್ಯವಹಾರವನ್ನು ಕುರಿತು ಮಾತನಾಡಲು ಭಾರತಕ್ಕೂ ಬಂದಿದ್ದವರು. 1898ರಲ್ಲಿ ಅವರು ಪ್ರಾಚೀನಗ್ರಂಥಗಳಿಂದ 7000ಕ್ಕೂ ಮಿಕ್ಕ ಉದಾಹರಣೆಗಳನ್ನಾಯ್ದು, ಚೀನೀಯನೊಬ್ಬನು ಸ್ವಭಾಷೆಗೆ ಬರೆದ ಮೊದಲ ಸಮಗ್ರವ್ಯಾಕರಣವನ್ನು ಪ್ರಕಟಿಸಿದರು. ವ್ಯಾಕರಣವಿಲ್ಲದೆ ಉರುಹೊಡೆಯುವುದರಲ್ಲಿಯೇ ಬಾಲ್ಯವು ಕಳೆದುಹೋಗುವುದರಿಂದ ದೇಶವು ಹಿಂದಾಯಿತೆಂಬುದು ಅವರ ಕೊರಗು. ಲತೀನಿನ ಎರಕದಲ್ಲಿ ಚೀನೀಭಾಷೆಯನ್ನು ಹೊಯ್ದರೆಂದು ಮುಂದಿನವರು ಅವರನ್ನು ಹಳಿದರು. ಸಂಸ್ಕೃತದ ಎರಕದಲ್ಲಿ ದೇಶಭಾಷೆಗಳ ವ್ಯಾಕರಣಗಳು ಹುಟ್ಟಿದ ನಾಡಿನಲ್ಲಿ ಈ ಆಕ್ಷೇಪವು ಹೊಸದೇನೂ ಅಲ್ಲ. ಎರಕವಿಲ್ಲದೆ ಮೊದಲ ಬಿಂಬವು ಹೇಗೆ ಏಳಬೇಕು?

1913ರಲ್ಲಿ ಪೀಕಿಂಗಿನಲ್ಲಿ ದೇಶಕ್ಕೆಲ್ಲ ಒಂದೇ ಉಚ್ಚಾರಣೆಯನ್ನು ನಿರ್ಣಯಿಸಲು ಸಭೆಯೊಂದು ಸೇರಿ, 6500ಕ್ಕೂ ಹೆಚ್ಚು ಪದಗಳ ಧ್ವನಿಯನ್ನು ಪ್ರಾಂತಕ್ಕೊಂದರಂತೆ ಮತಹಾಕಿ ಗೊತ್ತುಮಾಡಿತು. ಎಲ್ಲ ಸೀಮೆಗಳಿಗೂ ಅಷ್ಟಷ್ಟು ಪಾಲು ಹಂಚಿದ ಆ ಭಾಷೆಯನ್ನು ಆಡುವವರು ಯಾವ ಸೀಮೆಯಲ್ಲಿಯೂ ಇರಲಿಲ್ಲ. ಚಾವೊ ಯುವೆನ್ ರೆನ್ (1892–1982) ಎಂಬ ಯುವಕ ವಿದ್ವಾಂಸರಿಂದ ಅದನ್ನು ಆಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಇಳಿಸಿದರು. 1932ರಲ್ಲಿ ಪೀಕಿಂಗಿನ ಆಡುನುಡಿಯನ್ನೇ ಪ್ರಮಾಣವೆಂದು ಸ್ವೀಕರಿಸುವವರೆಗೂ, ಕೋಟ್ಯಂತರ ಜನರಿಗಾಗಿ ನಿರ್ಮಿತವಾದ ಆ ಭಾಷೆಯನ್ನು ಆಡುತ್ತಿದ್ದವನು ತಾನೊಬ್ಬನೇ ಎಂದು ಚಾವೊ ಅವರು ಮುಂದೆ ನಗುತ್ತ ಹೇಳಿಕೊಂಡರು.

ತುವಾನನ ಪ್ರಶ್ನೆಯ ಕಡೆಗೆ ದಾರಿ ತೆರೆದ ಸಾಧನಗಳಲ್ಲೊಂದು ಸಂಸ್ಕೃತ. 1923ರಲ್ಲಿ, ಪೀಕಿಂಗಿನಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದ ರಷ್ಯದ ಶ್ಟಾಲ್ ಹೋಲ್‌ಸ್ಟೈನ್ ಎಂಬ ಪಂಡಿತರು, ಭಿಕ್ಷುಗಳು ಚೀನೀ ಚಿಹ್ನೆಗಳಲ್ಲಿ ಬರೆದ ಸಂಸ್ಕೃತಶಬ್ದಗಳಿಂದ ಆ ಚಿಹ್ನೆಗಳ ಹಳೆಯ ಧ್ವನಿಯನ್ನು ಹೊರಗೆಡಹಬಹುದೆಂದು ತೋರಿಸಿದರು. ಅದೇ ವರ್ಷ ವಾಂಗ್ ಜುಂಗ್ ಪಾವೊ ಎಂಬ ರಾಜಪ್ರತಿನಿಧಿಯು ಈ ಯುಕ್ತಿಯಿಂದಲೇ, ಈಗ ಒಕಾರದಿಂದ ನುಡಿಯುವ ಒಂದು ಇಡೀ ಪ್ರಾಸವರ್ಗವು ತಾಂಗ್ ಕಾಲದಲ್ಲಿ ಅಕಾರಾಂತವಾಗಿದ್ದಿತೆಂದು ಸಾಧಿಸಿದರು. ಹಳೆಯ ಪದ್ಧತಿಯ ಪಂಡಿತರಲ್ಲಿ ದೊಡ್ಡ ಕೋಲಾಹಲವೆದ್ದಿತು. ಪರದೇಶದ ಶಬ್ದಗಳನ್ನು ಬರೆದ ಭಿಕ್ಷುಗಳ ಕಿವಿಯನ್ನು ನಂಬಿ ಶ್ರುತಿಯ ಧ್ವನಿಯನ್ನು ನಿರ್ಣಯಿಸುವುದೇ ಎಂದು ಚಾಂಗ್ ಪಿಂಗ್ ಲಿನ್ನರಂತಹ ಮಹಾವಿದ್ವಾಂಸರೂ ಪ್ರತಿಭಟಿಸಿದರು.

ಈ ಯುಕ್ತಿಯ ಬಲವನ್ನು ಕನ್ನಡಿಗರು ತಮ್ಮ ಇತಿಹಾಸದಿಂದಲೇ ಪರೀಕ್ಷಿಸಬಹುದು. ಹ್ಯೂಯೆನ್ ತ್ಸಾಂಗನು ಚಾಲುಕ್ಯರಾಜ್ಯವನ್ನು ಸಂದರ್ಶಿಸಿ ತನ್ನ ಪ್ರವಾಸವೃತ್ತಾಂತದಲ್ಲಿ ಇಮ್ಮಡಿ ಪುಲಿಕೇಶಿಯ ಹೆಸರನ್ನು ನಾಲ್ಕು ಚಿಹ್ನೆಗಳಿಂದ ಬರೆದಿರುವನು. ಇಂದಿನ ಪೀಕಿಂಗಿನ ವಿದ್ಯಾರ್ಥಿಯು ಅದನ್ನು ‘ಪು-ಲ್ವೊ-ಚಿ-ಷೆ’ ಎಂದು ಓದುವನು. ಬಾದಾಮಿಯ ಅರಸನ ಹೆಸರು ಅದರಲ್ಲಿ ಅಡಗಿದೆಯೆಂದು ಥಟ್ಟನೆ ಹೊಳೆಯದು. ಹಳೆಯ ಪ್ರಾಸಕೋಶವನ್ನೂ ಆಡುನುಡಿಗಳನ್ನೂ ಹೋಲಿಸಿ ಏಳನೆಯ ಶತಮಾನದ ಉಚ್ಚಾರಣೆಯನ್ನು ಕಟ್ಟಿದರೆ ಆ ನಾಲ್ಕು ಚಿಹ್ನೆಗಳು ‘ಪು-ಲ-ಕೇ-ಶ್ಯ’ ಎಂದಾಗುತ್ತವೆ. ಚೀನದ ಭಿಕ್ಷುವು ಕನ್ನಡನಾಡಿನ ಅರಸನ ಹೆಸರನ್ನು ನೆಟ್ಟಗೆಯೇ ಕೇಳಿದ್ದನು, ನೆಟ್ಟಗೆಯೇ ಬರೆದಿದ್ದನು. ಬದಲಾದುದು ಅವನ ಮಕ್ಕಳ ಮೊಮ್ಮಕ್ಕಳ ಬಾಯಿ.

ಸ್ವೀಡನ್ ದೇಶದ ಕಾರ್ಲ್‌ಗ್ರೆನ್ (1889–1978) ಎಂಬವರು ಚೀನದ ಊರೂರುಗಳ ಆಡುನುಡಿಗಳನ್ನೂ ಜಪಾನ್, ಕೊರಿಯಾ, ಅನ್ನಾಮ್ ದೇಶಗಳವರು ಎರವಲು ಪಡೆದ ಉಚ್ಚಾರಣೆಗಳನ್ನೂ ತುಲನೆಮಾಡಿ, ಚ್ಯೆ ಯುನ್‌ನ ವರ್ಗಗಳಿಗೆ ಧ್ವನಿಗಳನ್ನು ತುಂಬಿದರು. ಪಾತ್ರೆಗಳನ್ನು ಸಾವಿರ ವರ್ಷಗಳಿಂದ ಮಾಡಿಟ್ಟಿದ್ದವರು ಚೀನೀಯರು. ಹೊರಗಿನವರು ಅವಕ್ಕೆ ನೀರೆರೆದರೆನ್ನಬಹುದು. ಚಾವೊ ಯುವೆನ್ ರೆನ್, ಲೋ ಚಾಂಗ್ ಪೆಯ್, ಲಿ ಫಾಂಗ್ ಕ್ವೆಯ್ ಎಂಬ ಮೂವರು ಆ ಮಹಾಗ್ರಂಥವನ್ನು ಬರಿದೆ ಭಾಷಾಂತರಿಸದೆ, ತಪ್ಪಿದಲ್ಲಿ ತಿದ್ದುತ್ತ, ಜಪಾನಿನೊಡನೆ ಯುದ್ಧವು ನಡೆಯುತ್ತಿದ್ದ ಕಾಲದಲ್ಲಿಯೇ 1940ರಲ್ಲಿ ಚೀನೀಭಾಷೆಯಲ್ಲಿ ಹೊರತಂದರು. 1954ರಲ್ಲಿ ಓದ್ರಿಕೂರ್ ಎಂಬ ಫ್ರೆಂಚ್ ವಿದ್ವಾಂಸರು, ನಾಲ್ಕು ಸ್ವರಗಳಲ್ಲಿ ‘ಹೋಗುವ ಸ್ವರ’ವೆನಿಸಿದುದು ಮೊದಲು ಸಕಾರದ ಪ್ರತ್ಯಯವಾಗಿದ್ದು ಅದು ಸವೆದು ಸ್ವರವಾಗಿ ಉಳಿಯಿತೆಂದು ಸೂಚಿಸಿದರು, ಈಗ ಬಹುಮಂದಿ ಅದನ್ನು ಒಪ್ಪಿದ್ದಾರೆ. ‘ಹಾವೊ’ ಎಂಬುದು ಒಂದು ಸ್ವರದಲ್ಲಿ ‘ಒಳ್ಳೆಯದು’, ಇನ್ನೊಂದರಲ್ಲಿ ‘ಮೆಚ್ಚುವುದು’ ಏಕೆಂದು ವ್ಯಾಖ್ಯಾನಕಾರರು ತಲೆಕೆಡಿಸಿಕೊಂಡಿದ್ದರು. ಪ್ರತ್ಯಯವೇ ಇಲ್ಲವೆಂದು ಎಲ್ಲರೂ ನಂಬಿದ್ದ ಭಾಷೆಯಲ್ಲಿ ಪ್ರತ್ಯಯವಿದ್ದಿತು. ಅದು ಕಿವಿಯ ಮುಂದೆಯೇ ವೇಷಮರೆಸಿಕೊಂಡು ನಿಂತಿದ್ದಿತು.

ತುವಾನನು ಕೇಳಿದ ಮೂರು ‘ಚಿಹ್’ಗಳ ವಿಷಯದಲ್ಲಿ ವಿದ್ವಾಂಸರು ಬಹುಕಾಲ ಬೇರೆಬೇರೆ ಮತಗಳನ್ನು ಹಿಡಿದಿದ್ದರು. ವೆನ್‌ಚೌ ಪಟ್ಟಣದ ಕಾರ್ಖಾನೆಯೊಂದರಲ್ಲಿ ಕೆಲಸಮಾಡುತ್ತ ತಾವಾಗಿಯೇ ಈ ಶಾಸ್ತ್ರವನ್ನು ಕಲಿತ ಚೆಂಗ್ ಚಾಂಗ್ ಷಾಂಗ್ ಫಾಂಗ್ (1933–2018) ಎಂಬವರೂ, ಅವರಿಂದ ದೂರದಲ್ಲಿ ಬೇರೆ ದಾರಿಯಿಂದ ಹೊರಟ ಅಮೆರಿಕ, ಯೂರೋಪಿನ ಪಂಡಿತರೂ ಪ್ರಾಚೀನ ಚೀನೀಭಾಷೆಯಲ್ಲಿ ಆರು ಸ್ವರಾಕ್ಷರಗಳಿದ್ದುವೆಂಬ ಒಂದೇ ನಿರ್ಣಯಕ್ಕೆ ಬಂದರು. ಆ ನಿರ್ಣಯದಂತೆ ಮೂರರಲ್ಲೊಂದು ಎಕಾರ, ಮತ್ತೊಂದು ಇಕಾರ. ಮೂರನೆಯದು ನಾಲಗೆಯನ್ನು ನಡುಬಾಯಲ್ಲಿ ನಿಲ್ಲಿಸಿ ನುಡಿಯತಕ್ಕ ಸ್ವರ, ಪಾಣಿನಿಯು ಸಂವೃತವೆಂದ ಅಕಾರಕ್ಕೆ ಹತ್ತಿರವಾದುದೆಂದು ಕೆಲವರೂ ಅದಕ್ಕಿಂತ ಸ್ವಲ್ಪ ಮೇಲಿನದೆಂದು ಕೆಲವರೂ ಬರೆಯುತ್ತಾರೆ.